ಆವಾಹನೆ, ವಿಸರ್ಜನೆ ಮತ್ತು ಬೆಳ್ಳಿತೆರೆಯ ದೇವರು

ದೇವರ ಅಥವಾ ಸಂತನ ಪಾತ್ರ ಧರಿಸಿದ ನಟನನ್ನು ತೆರೆಯ ಮೇಲೆ ಕಂಡು ಕೈಮುಗಿಯುವ ಪ್ರೇಕ್ಷಕನ ನಮಸ್ಕಾರ ಯಾರಿಗೆ ಸಲ್ಲುತ್ತದೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಚಲನಚಿತ್ರ ಚರಿತ್ರೆಗೆ ಸೇರಿದ್ದೆಂದು ತೋರಿದರೂ, ಪ್ರತಿಮೆಗೂ ಪರಮಾತ್ಮನಿಗೂ ಇರುವ ಸಂಬಂಧವನ್ನು ಕುರಿತು ನಮ್ಮ ದರ್ಶನಗಳು ಶತಮಾನಗಳಿಂದ ನಡೆಸಿಕೊಂಡು ಬಂದ ಚರ್ಚೆಯ ಹೊಸ ರೂಪವೇ ಅದಾಗಿದೆ. ಆ ನಮಸ್ಕಾರ ನಟನಿಗೆ ಸಲ್ಲುತ್ತದೆಯೇ, ಅವನು ಧರಿಸಿದ ಪಾತ್ರಕ್ಕೆ ಸಲ್ಲುತ್ತದೆಯೇ, ಪಾತ್ರದ ಹಿಂದಿರುವ ದೈವಕ್ಕೆ ಸಲ್ಲುತ್ತದೆಯೇ, ಅಥವಾ ನೋಡುವವನ ಎದೆಯಲ್ಲಿಯೇ ಎದ್ದ ಭಾವಕ್ಕೆ ಸಲ್ಲುತ್ತದೆಯೇ ಎಂದು ಬಿಡಿಸಿ ನೋಡದೆ ಹಳೆಯ ಚಿತ್ರಗಳನ್ನು ಆಸ್ವಾದಿಸಬಹುದು. ಆದರೆ ಅವುಗಳ ಬಗ್ಗೆ ಬರೆಯಲು ಕುಳಿತವನು ಈ ಪ್ರಶ್ನೆಯನ್ನು ದಾಟಿ ಹೋಗಲಾರ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ಸೀಮೆ ಇಂಥ ವಿಚಾರಕ್ಕೆ ವಿಶೇಷವಾಗಿ ಒದಗಿಬರುತ್ತದೆ, ಏಕೆಂದರೆ ದೇವರು ಮನುಷ್ಯರ ನಡುವೆ ಬಂದು ನಿಲ್ಲುವುದು ಹೇಗೆ, ಬಂದ ದೇವರನ್ನು ಕಳಿಸಿಕೊಡುವುದು ಹೇಗೆ ಎಂಬುದನ್ನು ಇಲ್ಲಿಯ ಶಾಸನ, ದಾಸಪರಂಪರೆ ಮತ್ತು ಹಬ್ಬಗಳು ಬೇರೆ ಬೇರೆ ಬಗೆಯಲ್ಲಿ ಹೇಳಿಕೊಂಡು ಬಂದಿವೆ.

ಮಸ್ಕಿಯ ಗುಡ್ಡದಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಗುರುತಿಸಿದ ಅಶೋಕನ ಕಿರುಶಾಸನವು, ದೇವಾನಾಂಪ್ರಿಯನೆಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರನ್ನೂ ಹೊತ್ತಿದ್ದರಿಂದ ಇತಿಹಾಸಕಾರರಲ್ಲಿ ಪ್ರಸಿದ್ಧವಾಯಿತು. ಹೆಸರಿನ ಮಹತ್ವದ ಎದುರು ಶಾಸನದ ವಿಷಯ ಹಲವು ಬಾರಿ ಮರೆಯಾಗಿದೆ. ಈ ಮೊದಲು ಜಂಬೂದ್ವೀಪದಲ್ಲಿ ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಈಗ ಬೆರೆತಿದ್ದಾರೆಂದೂ, ಈ ಫಲವು ದೊಡ್ಡವರಿಗೆ ಮಾತ್ರ ದಕ್ಕುವಂಥದ್ದಲ್ಲ, ಧರ್ಮದಲ್ಲಿ ತೊಡಗಿದ ಸಾಮಾನ್ಯನಿಗೂ ದಕ್ಕುತ್ತದೆಂದೂ ಅದು ಸಾರುತ್ತದೆ. ದೇವತೆಗಳು ಬೆರೆತರು ಎಂಬುದರ ಅರ್ಥವನ್ನು ವಿದ್ವಾಂಸರು ನಾನಾ ಬಗೆಯಾಗಿ ವಿವರಿಸಿದ್ದಾರೆ. ಅವುಗಳಲ್ಲಿ ಒಂದು ವಿವರಣೆ ಅಶೋಕನ ನಾಲ್ಕನೆಯ ಬಂಡೆಶಾಸನವನ್ನು ನೆನೆಯುತ್ತದೆ. ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ಇರುವ ಆ ಶಾಸನದ ಪ್ರಕಾರ, ದೊರೆಯು ಜನರಿಗೆ ವಿಮಾನಗಳನ್ನು, ಆನೆಗಳನ್ನು, ಅಗ್ನಿಸ್ಕಂಧಗಳನ್ನು ಮತ್ತು ಇತರ ದಿವ್ಯರೂಪಗಳನ್ನು ತೋರಿಸಿ ಧರ್ಮಾಚರಣೆಯನ್ನು ಹೆಚ್ಚಿಸಿದನು. ದಿವ್ಯರೂಪದ ಪ್ರದರ್ಶನದಿಂದ ನೋಡುವವರ ನಡತೆ ಬದಲಾಗಬಲ್ಲದು ಎಂಬ ಈ ನಂಬಿಕೆ ಕ್ರಿಸ್ತಪೂರ್ವ ಮೂರನೆಯ ಶತಮಾನದಷ್ಟು ಹಳೆಯದು. ದೇವರನ್ನು ಕಣ್ಣಿಗೆ ಕಾಣುವಂತೆ ಮಾಡುವ ಕಲೆಯ ಗುರಿಯೇನು ಎಂಬ ಪ್ರಶ್ನೆಗೆ ಇದಕ್ಕಿಂತ ಗಂಭೀರವಾದ ಉತ್ತರವನ್ನು ಬೆಳ್ಳಿತೆರೆಯ ಯುಗವೂ ಕೊಟ್ಟಿಲ್ಲ.

ಈ ಸೀಮೆಯು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಆಡಳಿತದಲ್ಲಿ ಉರ್ದು, ಮನೆಯಲ್ಲಿ ಕನ್ನಡ, ನೆರೆಯಲ್ಲಿ ತೆಲುಗು ಎಂಬಂತೆ ಬದುಕಿದ ಜನರಿಗೆ ತೆರೆಯ ಮೇಲಿನ ಕನ್ನಡವು ಏಕೀಕರಣದ ಆಸುಪಾಸಿನಲ್ಲಿಯೇ ದೊರೆಯತೊಡಗಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಸುತ್ತ ಭತ್ತದ ಗದ್ದೆಗಳೊಡನೆ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ಇದೇ ತಾಲ್ಲೂಕಿನಲ್ಲಿ ಪುನರ್ವಸತಿ ಕ್ಯಾಂಪುಗಳು ದೊರೆತವು. ಹೀಗಾಗಿ ಕೃಷ್ಣನೆಂದರೆ ಎನ್.ಟಿ. ರಾಮರಾವ್ ಎಂದು ನೆನೆಯುವ ಮನೆಗಳೂ, ಕೃಷ್ಣದೇವರಾಯನೆಂದರೆ ರಾಜ್‌ಕುಮಾರ್ ಎಂದು ನೆನೆಯುವ ಮನೆಗಳೂ ಒಂದೇ ಸಂತೆಯಲ್ಲಿ ಕಲೆಯುವ ಊರು ಇದಾಯಿತು. 1958ರಲ್ಲಿ ಎ.ವಿ.ಎಂ. ಸಂಸ್ಥೆಯು ಗೋಕರ್ಣದ ಆತ್ಮಲಿಂಗದ ಕಥೆಯನ್ನು ಕನ್ನಡದಲ್ಲಿ ‘ಭೂಕೈಲಾಸ’ವೆಂದೂ ತೆಲುಗಿನಲ್ಲಿ ‘ಭೂಕೈಲಾಸ್’ ಎಂದೂ ಕೆ. ಶಂಕರ್ ಅವರ ನಿರ್ದೇಶನದಲ್ಲಿಯೇ ತಯಾರಿಸಿದಾಗ, ಕನ್ನಡದ ರಾವಣ ರಾಜ್‌ಕುಮಾರ್, ತೆಲುಗಿನ ರಾವಣ ರಾಮರಾವ್. ಒಂದೇ ಕಥೆ, ಒಬ್ಬನೇ ರಾವಣ, ಎರಡು ಮುಖ. ಪಾತ್ರವೆಂಬುದು ಯಾವ ಒಬ್ಬ ನಟನ ಶರೀರದಲ್ಲಿಯೂ ಮುಗಿದುಹೋಗುವುದಿಲ್ಲ ಎಂಬ ತತ್ತ್ವಕ್ಕೆ ಇಷ್ಟು ಸ್ಪಷ್ಟವಾದ ಪ್ರಮಾಣ ಬೇರೆ ಕಡೆ ಸಿಗುವುದು ಕಷ್ಟ.

ಆದರೆ ಈ ಚರ್ಚೆಯ ಕೇಂದ್ರದಲ್ಲಿ ನಿಲ್ಲಬೇಕಾದ ಚಿತ್ರ ‘ಬೇಡರ ಕಣ್ಣಪ್ಪ’. 1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ, ಗುಬ್ಬಿ ವೀರಣ್ಣನವರ ಸಂಸ್ಥೆಯ ಹಿನ್ನೆಲೆಯಿಂದ ಬಂದ ಈ ಚಿತ್ರದಲ್ಲಿ ಗಾಜನೂರಿನ ಮುತ್ತುರಾಜ್ ಎಂಬ ಕಂಪನಿ ನಾಟಕದ ನಟ ರಾಜ್‌ಕುಮಾರ್ ಎಂಬ ಹೆಸರಿನಿಂದ ನಾಯಕನಾದರು. ಅರವತ್ತುಮೂವರು ಪುರಾತನರಲ್ಲಿ ಒಬ್ಬನೆಂದು ಶಿವಭಕ್ತರು ಎಣಿಸುವ, ಹರಿಹರ ಕವಿಯ ರಗಳೆಗೂ ವಸ್ತುವಾದ ಕಣ್ಣಪ್ಪನು ಬಾಯಲ್ಲಿ ತಂದ ನೀರಿನಿಂದ ಶಿವನಿಗೆ ಅಭಿಷೇಕ ಮಾಡುತ್ತಾನೆ, ತಾನು ರುಚಿ ನೋಡಿದ ಮಾಂಸವನ್ನು ನೈವೇದ್ಯವಾಗಿಡುತ್ತಾನೆ, ಲಿಂಗದ ಕಣ್ಣಿನಲ್ಲಿ ನೆತ್ತರು ಕಂಡಾಗ ತನ್ನ ಕಣ್ಣನ್ನೇ ಕಿತ್ತು ಹಚ್ಚುತ್ತಾನೆ, ಎರಡನೆಯ ಕಣ್ಣಿನ ಜಾಗ ತಪ್ಪಬಾರದೆಂದು ಅಲ್ಲಿ ತನ್ನ ಪಾದವನ್ನೇ ಇಡುತ್ತಾನೆ. ಶಾಸ್ತ್ರೋಕ್ತವಾಗಿ ಪೂಜಿಸುವವನಿಗೆ ಇದೆಲ್ಲ ಮೈಲಿಗೆ; ಕಥೆ ಮಾತ್ರ ಈ ಮೈಲಿಗೆಯನ್ನೇ ಪರಮ ಪೂಜೆಯೆಂದು ಒಪ್ಪಿಕೊಳ್ಳುತ್ತದೆ. ಗುರುಗುಂಟಾದಂಥ ನಾಯಕ ಸಂಸ್ಥಾನದ ನೆನಪು ಉಳಿದಿರುವ, ಬೇಡ ನಾಯಕ ಸಮುದಾಯ ದೊಡ್ಡ ಸಂಖ್ಯೆಯಲ್ಲಿರುವ ಲಿಂಗಸುಗೂರು ಮತ್ತು ಮಸ್ಕಿ ಸೀಮೆಯಲ್ಲಿ ಈ ಕಥೆ ಪರರ ಕಥೆಯಾಗಿ ಉಳಿಯಲಾರದು. ಸಾಮಾನ್ಯನೂ ಆ ಫಲವನ್ನು ಪಡೆಯಬಲ್ಲನೆಂದು ಮಸ್ಕಿಯ ಬಂಡೆಯಲ್ಲಿ ಕೊರೆದ ಮಾತು ಮತ್ತು ಬೇಡನೊಬ್ಬ ಶಿವನಿಗೆ ಹತ್ತಿರದವನಾದನೆಂಬ ಚಿತ್ರದ ಮಾತು ಬೌದ್ಧ, ಶೈವ ಎಂಬ ಎರಡು ಬೇರೆ ಮತಗಳಿಂದ ಬಂದರೂ ಒಂದೇ ದಿಕ್ಕಿಗೆ ಮುಖಮಾಡಿವೆ.

ಕಣ್ಣಪ್ಪನನ್ನು ನೋಡಿ ಕಣ್ಣೀರಾಗುವ ಪ್ರೇಕ್ಷಕನಲ್ಲಿ ನಡೆಯುವುದೇನು ಎಂಬುದನ್ನು ವಿವರಿಸಲು ನಮ್ಮಲ್ಲಿ ರಸಸಿದ್ಧಾಂತವಿದೆ. ರಸವೆಂದರೆ ನಾಟ್ಯವನ್ನೋ ಕಾವ್ಯವನ್ನೋ ಅನುಭವಿಸುವಾಗ ಸಹೃದಯನ, ಅಂದರೆ ಕಲೆಗೆ ಮನಸ್ಸು ತೆರೆದವನ, ಅಂತರಂಗದಲ್ಲಿ ಉಂಟಾಗುವ ಆಸ್ವಾದ; ಭರತನ ನಾಟ್ಯಶಾಸ್ತ್ರದಿಂದ ಹೊರಟ ಈ ವಿಚಾರವನ್ನು ಕನ್ನಡಿಗರಿಗೆ ತಿಳಿಯಾಗಿ ತಲುಪಿಸಿದ ಗ್ರಂಥ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’. ರಸ ಇರುವುದು ಎಲ್ಲಿ ಎಂಬ ಪ್ರಶ್ನೆಗೆ ಭಟ್ಟ ಲೊಲ್ಲಟನು ಅದು ಮೂಲತಃ ರಾಮಾದಿ ಪಾತ್ರಗಳಲ್ಲಿದ್ದು ನಟನ ಮೇಲೆ ಆರೋಪಿತವಾಗುತ್ತದೆಂದು ಉತ್ತರಿಸಿದನು. ಶ್ರೀಶಂಕುಕನು ಇನ್ನೂ ಸೂಕ್ಷ್ಮವಾಗಿ ವಿಚಾರಿಸಿ, ಚಿತ್ರದಲ್ಲಿ ಬರೆದ ಕುದುರೆಯನ್ನು ಕಂಡಾಗ ಆಗುವ ಜ್ಞಾನವನ್ನು ಉದಾಹರಿಸಿದನು: ಅದು ನಿಜವಾದ ಕುದುರೆಯೆಂಬ ಯಥಾರ್ಥಜ್ಞಾನವೂ ಅಲ್ಲ, ಕುದುರೆಯೆಂದು ಬಗೆದು ಮೋಸಹೋಗುವ ಭ್ರಮೆಯೂ ಅಲ್ಲ, ಹೌದೋ ಅಲ್ಲವೋ ಎಂಬ ಸಂಶಯವೂ ಅಲ್ಲ, ಕುದುರೆಯ ಹಾಗಿದೆ ಎಂಬ ಸಾದೃಶ್ಯವೂ ಅಲ್ಲ, ಇವೆಲ್ಲಕ್ಕಿಂತ ಬೇರೆಯಾದ ಒಂದು ಪ್ರತೀತಿ. ಭಟ್ಟನಾಯಕ ಮತ್ತು ಅಭಿನವಗುಪ್ತರು ಇದನ್ನೂ ದಾಟಿ ಸಾಧಾರಣೀಕರಣದ ಮಾತನ್ನು ಹೇಳಿದರು. ಅಂದರೆ ನಾಟ್ಯದಲ್ಲಿ ತೋರುವ ಶೋಕವಾಗಲಿ ಭಕ್ತಿಯಾಗಲಿ ಇದು ನನ್ನದು, ಅದು ಶತ್ರುವಿನದು, ಇದು ಮಿತ್ರನದು ಎಂಬ ಗಡಿಗಳನ್ನು ಕಳಚಿಕೊಂಡು ಎಲ್ಲರಿಗೂ ಸಮಾನವಾಗುತ್ತದೆ; ಆಗ ಪ್ರೇಕ್ಷಕನು ಸವಿಯುವುದು ತನ್ನ ಚಿತ್ತದಲ್ಲಿ ವಾಸನಾರೂಪವಾಗಿ, ಅಂದರೆ ಸುಪ್ತ ಸಂಸ್ಕಾರವಾಗಿ, ಮಲಗಿದ್ದ ಭಾವವನ್ನೇ.

ಈ ಸಿದ್ಧಾಂತವನ್ನು ಒಪ್ಪಿದರೆ ತೆರೆಯ ಮುಂದಿನ ಕಣ್ಣೀರು ನಟನಿಗೂ ಸೇರದೆ, ಪುರಾಣಕಾಲದ ಕಣ್ಣಪ್ಪನಿಗೂ ಸೇರದೆ, ಸಹೃದಯನ ಆಸ್ವಾದದಲ್ಲಿ ಮುಗಿಯುತ್ತದೆ. ಕಾವ್ಯಕ್ಕೆ ಈ ಉತ್ತರ ಸಾಕು. ಭಕ್ತನಿಗೆ ಸಾಲದು. ರಸಾನುಭವ ಮುಗಿದಾಗ ಸಹೃದಯನು ಎದ್ದು ಮನೆಗೆ ಹೋಗುತ್ತಾನೆ. ಭಕ್ತನಾದರೋ ತಾನು ಸವಿದದ್ದನ್ನು ತನ್ನಲ್ಲಿಯೇ ಇಟ್ಟುಕೊಳ್ಳದೆ ಬೇರೊಬ್ಬರಿಗೆ ಅರ್ಪಿಸಬಯಸುತ್ತಾನೆ. ‘ಜೈ ಸಂತೋಷಿ ಮಾ’ ಚಿತ್ರ 1975ರಲ್ಲಿ ಬಂದಾಗ ಚಪ್ಪಲಿ ಕಳಚಿ ಒಳಗೆ ಹೋದವರು, ತೆರೆಗೆ ಹೂವನ್ನೂ ನಾಣ್ಯವನ್ನೂ ಎರಚಿದವರು ದೇಶದ ಎಷ್ಟೋ ಊರುಗಳಲ್ಲಿದ್ದರು. 1987ರಲ್ಲಿ ದೂರದರ್ಶನದ ರಾಮಾಯಣ ಆರಂಭವಾದಾಗ ಟಿ.ವಿ. ಪೆಟ್ಟಿಗೆಗೇ ಮಾಲೆ ಹಾಕಿದ ಮನೆಗಳಿದ್ದವು. ಇವರನ್ನು ಅಜ್ಞರೆಂದು ತಳ್ಳಿಹಾಕುವ ವಿಮರ್ಶೆ ವಿಷಯವನ್ನು ಅರಿತ ವಿಮರ್ಶೆಯಲ್ಲ. ಅರ್ಪಣೆಯ ಆ ತುಡಿತವನ್ನು ವಿವರಿಸಲು ಕಾವ್ಯಮೀಮಾಂಸೆಯಿಂದ ವೇದಾಂತದ ಕಡೆಗೆ ತಿರುಗಬೇಕಾಗುತ್ತದೆ.

ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯದ ಆರಂಭದಲ್ಲಿ ಪ್ರತೀಕೋಪಾಸನೆಯ ವಿಚಾರ ಬರುತ್ತದೆ; ಪ್ರತೀಕವೆಂದರೆ ಉಪಾಸನೆಗಾಗಿ ಪರಮಾತ್ಮನ ಸ್ಥಾನದಲ್ಲಿ ಇಟ್ಟುಕೊಂಡ ವಸ್ತು ಅಥವಾ ರೂಪ. ಮಧ್ವಾಚಾರ್ಯರ ವ್ಯಾಖ್ಯಾನದ ಪ್ರಕಾರ ಪ್ರತಿಮೆಯೇ ವಿಷ್ಣುವೆಂದು ಧ್ಯಾನಿಸುವುದು ತಪ್ಪು. ಪ್ರತಿಮೆಯಲ್ಲಿ ವಿಷ್ಣು ಸನ್ನಿಹಿತನಾಗಿದ್ದಾನೆಂದು ತಿಳಿದು ಅವನನ್ನು ಉಪಾಸಿಸುವುದು ಸರಿ. ಶಂಕರಾಚಾರ್ಯರು ಅದೇ ಪ್ರಕರಣದಲ್ಲಿ ಇನ್ನೊಂದು ನಿಯಮವನ್ನು ಎತ್ತಿಹಿಡಿಯುತ್ತಾರೆ: ಕೆಳಗಿನದನ್ನು ಮೇಲಿನದಾಗಿ ಕಾಣುವುದರಿಂದ ಉತ್ಕರ್ಷವಿದೆ, ಮೇಲಿನದನ್ನು ಕೆಳಗಿನದಾಗಿ ಕಾಣುವುದರಿಂದ ಹಾನಿಯಿದೆ, ರಾಜಸೇವಕನನ್ನು ರಾಜನೆಂದು ಗೌರವಿಸಿದರೆ ಕೆಡುಕಿಲ್ಲ, ರಾಜನನ್ನು ಸೇವಕನೆಂದು ನಡೆಸಿಕೊಂಡರೆ ಕೆಡುಕಿದೆ. ಎರಡು ದರ್ಶನಗಳ ನಡುವಣ ದೊಡ್ಡ ಭೇದವನ್ನು ಬದಿಗಿಟ್ಟರೆ, ನಟನ ವಿಷಯಕ್ಕೆ ಈ ಎರಡು ಮಾತುಗಳೂ ನೇರವಾಗಿ ಅನ್ವಯಿಸುತ್ತವೆ. ನಟನಲ್ಲಿ ದೇವರನ್ನು ಕಂಡ ಕ್ಷಣ ಉಪಾಸನೆಯ ಕ್ಷಣವಾಗಬಹುದು. ಆದರೆ ಆ ಕ್ಷಣದ ಬಲದಿಂದ ದೇವರನ್ನೇ ನಟನ ಮುಖಕ್ಕೆ ಕಟ್ಟಿಹಾಕಿ, ಇನ್ನು ಮುಂದೆ ಕೃಷ್ಣನೆಂದರೆ ಇಷ್ಟೇ ಎಂದುಕೊಂಡರೆ ಮೇಲಿನದು ಕೆಳಗಿಳಿದಂತೆಯೇ ಸರಿ.

ಈ ಸೂಕ್ಷ್ಮವನ್ನು ಲಿಂಗಸುಗೂರಿನ ಪ್ರಾಣೇಶದಾಸರು, ಅವರ ಗುರು ಮಾನ್ವಿಯ ಜಗನ್ನಾಥದಾಸರು, ಚೀಕಲಪರವಿಯ ವಿಜಯದಾಸರು ಇವರ ಪರಂಪರೆ ಹಾಡಿನ ಮೂಲಕ ಮನೆಮನೆಗೆ ಮುಟ್ಟಿಸಿದೆ. ಹರಿ ಬಿಂಬ, ಜೀವ ಪ್ರತಿಬಿಂಬ ಎಂಬ ಮಧ್ವತತ್ತ್ವವು ‘ಹರಿಕಥಾಮೃತಸಾರ’ದಲ್ಲಿ ವಿಸ್ತಾರವಾಗಿ ನಿರೂಪಿತವಾಗಿದ್ದು, ಪ್ರತಿಬಿಂಬಕ್ಕೆ ಸ್ವತಂತ್ರವಾದ ಬೆಳಕಿಲ್ಲವೆಂಬುದು ಅದರ ಸಾರ. ದಾಸಪರಂಪರೆಯನ್ನು ಬಲ್ಲ ಕುಟುಂಬವೊಂದು 1966ರ ‘ಮಂತ್ರಾಲಯ ಮಹಾತ್ಮೆ’ಯನ್ನು ನೋಡುವಾಗ ಎದುರಾಗುವ ಸನ್ನಿವೇಶ ವಿಶೇಷವಾದದ್ದು. 1671ರಲ್ಲಿ ಬೃಂದಾವನಸ್ಥರಾದ ರಾಘವೇಂದ್ರಸ್ವಾಮಿಗಳನ್ನು ಭಕ್ತರು ಮಂತ್ರಾಲಯದಲ್ಲಿ ಪೂಜಿಸುವುದು ಬೃಂದಾವನದ ರೂಪದಲ್ಲಿ, ಟಿ.ವಿ. ಸಿಂಗ್ ಠಾಕೂರ್ ಅವರ ಚಿತ್ರ ರಾಜ್‌ಕುಮಾರರ ಮೂಲಕ ಅದಕ್ಕೊಂದು ಮುಖವನ್ನು ಕೊಟ್ಟಿತು. ಗುರುಗಳದೇ ರಚನೆಯೆಂದು ಪ್ರಸಿದ್ಧವಾದ ಕೀರ್ತನೆಯನ್ನು ರಾಜನ್–ನಾಗೇಂದ್ರರ ಸಂಗೀತದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿದರು. ಚಿತ್ರಮಂದಿರದಲ್ಲಿ ಮೈಮರೆತವನ ಎದುರು ಆ ಹೊತ್ತಿನಲ್ಲಿ ಇರುವುದು ಹದಿನೇಳನೆಯ ಶತಮಾನದ ಯತಿಯೊಬ್ಬರ ನುಡಿ, ಕಾಕಿನಾಡದಲ್ಲಿ ಹುಟ್ಟಿದ ಗಾಯಕನ ಕಂಠ, ಗಾಜನೂರಿನ ನಟನ ಮುಖ. ಈ ಮೂವರಲ್ಲಿ ಒಬ್ಬರಿಗೇ ನಮಸ್ಕಾರವನ್ನು ಒಪ್ಪಿಸಿ ಉಳಿದಿಬ್ಬರನ್ನು ಮರೆಯುವುದು ನ್ಯಾಯವಲ್ಲ. ಮೂವರನ್ನೂ ಗುರುತಿಸಿದವನಿಗೆ ಮಾತ್ರ ಈ ಮೂವರಾಚೆಗಿನದು ಯಾವುದು ಎಂಬ ಪ್ರಶ್ನೆ ಕೇಳಿಸುತ್ತದೆ.

ಪ್ರೇಕ್ಷಕರ ಗೌರವ ದೇವರ ವೇಷಕ್ಕಷ್ಟೇ ಮೀಸಲಾಗಿರಲಿಲ್ಲವೆಂಬುದಕ್ಕೆ ಅಸುರಪಾತ್ರಗಳೇ ಸಾಕ್ಷಿ. ಸಿಂಧನೂರು ತಾಲ್ಲೂಕಿನ ಅಂಬಾಮಠ ಚಿದಾನಂದಾವಧೂತರ ನೆಲೆ. ಅವರ ದೇವೀಪುರಾಣವನ್ನು ಉತ್ತರ ಕರ್ನಾಟಕದ ಊರೂರುಗಳಲ್ಲಿ ನವರಾತ್ರಿಯಲ್ಲಿ ಹಚ್ಚಿ, ದಿನವೂ ಓದಿ, ಕೊನೆಗೆ ಮಂಗಲ ಮಾಡುತ್ತಾರೆ. ಅದನ್ನು ಕೇಳಿ ಬೆಳೆದವರಿಗೆ ಮಹಿಷಾಸುರನು ವಧೆಗೆ ಅರ್ಹನಾದ ದೈತ್ಯ. ಆದರೂ ಬಿ.ಎಸ್. ರಂಗಾ ಅವರ 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಆ ದೈತ್ಯನಾದ ರಾಜ್‌ಕುಮಾರ್ ಜನರಿಗೆ ಬೇಡವಾಗಲಿಲ್ಲ, 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪುವಿನ ಅಟ್ಟಹಾಸವನ್ನು ಸವಿದವರು ಹರಿದ್ವೇಷವನ್ನು ಕಲಿತು ಹೊರಬರಲಿಲ್ಲ. ಇಲ್ಲಿ ನಡೆದದ್ದು ಅಭಿನವಗುಪ್ತನು ಹೇಳಿದ ಶುದ್ಧ ಆಸ್ವಾದ. ಮೂಕಿಚಿತ್ರಗಳ ಕಾಲದಲ್ಲಿಯೇ ಫಾಲ್ಕೆಯವರ ‘ಲಂಕಾದಹನ’ದಲ್ಲಿ (1917) ಅಣ್ಣಾ ಸಾಳುಂಕೆ ಎಂಬ ಒಬ್ಬನೇ ನಟ ರಾಮನಾಗಿಯೂ ಸೀತೆಯಾಗಿಯೂ ಕಾಣಿಸಿಕೊಂಡಿದ್ದರು. ಭಾರತೀಯ ಪ್ರೇಕ್ಷಕನು ವೇಷಕ್ಕೂ ವ್ಯಕ್ತಿಗೂ ನಡುವಣ ಅಂತರವನ್ನು ಆರಂಭದಿಂದಲೂ ಬಲ್ಲವನಾಗಿದ್ದನು, ಆ ಅಂತರವನ್ನು ಮರೆಯುವುದರ ಸುಖವನ್ನೂ ಬಲ್ಲವನಾಗಿದ್ದನು.

ಮರೆಯುವುದಕ್ಕೆ ಒಂದು ಅವಧಿಯಿರಬೇಕು ಎಂಬುದನ್ನು ಈ ನೆಲದ ಹಬ್ಬಗಳು ಬಹಳ ಖಚಿತವಾಗಿ ಹೇಳುತ್ತವೆ. ಪೂಜಾಶಾಸ್ತ್ರದಲ್ಲಿ ಆವಾಹನೆಯೆಂದರೆ ದೈವವನ್ನು ಒಂದು ರೂಪದಲ್ಲಿ ಬಂದು ನೆಲೆಸೆಂದು ಕರೆಯುವುದು, ವಿಸರ್ಜನೆಯೆಂದರೆ ಪೂಜೆ ಮುಗಿದ ಮೇಲೆ ಆ ರೂಪದಿಂದ ದೈವವನ್ನು ಗೌರವದಿಂದ ಬೀಳ್ಕೊಡುವುದು. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳು, ಆಷಾಢದ ಗುಳ್ಳವ್ವ, ಭಾದ್ರಪದದ ಗಣಪತಿ, ಅವನ ಬೆನ್ನಿಗೇ ಬುಟ್ಟಿಯಲ್ಲಿ ಕುಳಿತು ಮನೆಮನೆ ತಿರುಗುವ ಜೋಕುಮಾರ, ಇವರೆಲ್ಲರೂ ಮಣ್ಣಿನಿಂದ ಎದ್ದು, ಕೆಲವು ದಿನ ದೇವರಾಗಿದ್ದು, ಮತ್ತೆ ಮಣ್ಣಿಗೆ ನೀರಿಗೆ ಮರಳುವವರು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಮೊಹರಂ ಬಂದರೆ ಹಿಂದೂ ಮುಸ್ಲಿಮರಿಬ್ಬರೂ ಅಲಾಯಿ ದೇವರ, ಅಂದರೆ ಹಸ್ತದಾಕಾರದ ಪಂಜಾಗಳ, ಮುಂದೆ ಸಕ್ಕರೆ ಓದಿಸುತ್ತಾರೆ, ಹರಕೆ ತೀರಿಸುತ್ತಾರೆ. ಕತ್ತಲ ರಾತ್ರಿ ಕಳೆದು ದೇವರು ಹೊಳೆಗೆ ಹೋದ ಮೇಲೆ ಪಂಜಾಗಳು ಪೆಟ್ಟಿಗೆ ಸೇರುತ್ತವೆ, ಅಲಾಯಿ ಕುಣಿ ಮುಚ್ಚುತ್ತದೆ. ಆ ಮೇಲೆ ಯಾರೂ ಪೆಟ್ಟಿಗೆಯ ಮುಂದೆ ಕುಣಿಯುವುದಿಲ್ಲ. ದೈವದ ಸನ್ನಿಧಾನ ಸತ್ಯ, ಅದರ ನಿರ್ಗಮನವೂ ಅಷ್ಟೇ ಸತ್ಯ ಎಂಬ ಈ ತಿಳಿವಳಿಕೆ ಯಾವ ಶಾಸ್ತ್ರಗ್ರಂಥವನ್ನೂ ಓದದ ರೈತನಿಗೂ ಇದೆ. ಬಯಲಾಟದಲ್ಲಿಯೂ ಇದೇ ಕ್ರಮ: ಗಣಪತಿಯ ಪೂಜೆಯಿಂದ ಮೊದಲಾದ ಆಟ ಬೆಳಗಿನ ಜಾವ ಮಂಗಳದಿಂದ ಮುಗಿದಾಗ, ರಾತ್ರಿಯಿಡೀ ಅರ್ಜುನನಾಗಿದ್ದವನು ಬಣ್ಣ ಒರೆಸಿಕೊಂಡು ಹೊಲಕ್ಕೆ ಹೋಗುತ್ತಾನೆ, ಊರು ಅವನನ್ನು ಅವನ ಹೆಸರಿನಿಂದಲೇ ಕರೆಯುತ್ತದೆ.

ಚಲನಚಿತ್ರ ಈ ಕ್ರಮವನ್ನು ಮುರಿದ ಕಲೆ. ಅದರಲ್ಲಿ ಆವಾಹನೆಯಿದೆ, ವಿಸರ್ಜನೆಯಿಲ್ಲ. ಒಮ್ಮೆ ಫಿಲ್ಮಿನ ಮೇಲೆ ಮೂಡಿದ ಮುಖ ಎಷ್ಟು ಬಾರಿ ತೋರಿಸಿದರೂ ಅದೇ ವಯಸ್ಸಿನಲ್ಲಿ, ಅದೇ ನಗುವಿನಲ್ಲಿ ನಿಂತಿರುತ್ತದೆ. ನಟ ಮುಪ್ಪಾಗಿ ತೀರಿಹೋದರೂ ಪಾತ್ರ ಅವನನ್ನು ಬಿಡುವುದಿಲ್ಲ. ಶರಣರು ಸ್ಥಾವರವೆಂದು ಕರೆದದ್ದು ನಿಂತುಹೋದದ್ದನ್ನು, ಜಂಗಮವೆಂದು ಕರೆದದ್ದು ಚಲಿಸುವ ಚೈತನ್ಯವನ್ನು. ಆ ದೃಷ್ಟಿಯಿಂದ ನೋಡಿದರೆ ಬಯಲಾಟದ ವೇಷ ಜಂಗಮಕ್ಕೆ ಹತ್ತಿರವಾದದ್ದು, ಸದಾ ಚಲಿಸುತ್ತಿರುವಂತೆ ಕಾಣುವ ಚಿತ್ರವೇ ಸ್ಥಾವರ, ಏಕೆಂದರೆ ಅದರಲ್ಲಿ ಹೊಸದಾಗಿ ಏನೂ ಸಂಭವಿಸಲಾರದು. ತಾರಾಮೌಲ್ಯವೆಂಬುದು ಹುಟ್ಟಿದ್ದು ಈ ಸ್ಥಾವರತೆಯಿಂದಲೇ. ತೆಲುಗು ತೆರೆಯಲ್ಲಿ ವೆಂಕಟೇಶ್ವರನೂ ಕೃಷ್ಣನೂ ಆಗಿದ್ದ ರಾಮರಾವ್ 1982ರಲ್ಲಿ ಪಕ್ಷ ಕಟ್ಟಿ 1983ರ ಜನವರಿಯಲ್ಲಿ ಮುಖ್ಯಮಂತ್ರಿಯಾದಾಗ, ತೆರೆಯ ಆವಾಹನೆ ರಾಜಕಾರಣದವರೆಗೂ ಮುಂದುವರಿದಿತ್ತು.

ವಿಸರ್ಜನೆಯಿಲ್ಲದ ಆವಾಹನೆ ನಟನಿಗೂ ಪ್ರೇಕ್ಷಕನಿಗೂ ಹಾನಿ ತರಬಲ್ಲದು. ಸಿಂಧನೂರಿನ ಬಂಗಾಳಿ ಕ್ಯಾಂಪುಗಳ ಹಿರಿಯರ ತಾಯ್ನುಡಿಯಲ್ಲಿಯೇ ಸತ್ಯಜಿತ್ ರಾಯ್ 1960ರಲ್ಲಿ ಮಾಡಿದ ‘ದೇವಿ’ ಈ ಹಾನಿಯನ್ನು ಕುರಿತ ಚಿತ್ರ: ಮಾವನೊಬ್ಬನು ಸೊಸೆಯಲ್ಲಿ ಕಾಳಿಯನ್ನು ಕಂಡೆನೆಂದು ನಂಬಿ ಅವಳನ್ನು ಪೀಠದಲ್ಲಿ ಕೂರಿಸುತ್ತಾನೆ, ಆ ಪೀಠದಿಂದ ಇಳಿಯಲು ದಾರಿಯಿಲ್ಲದೆ ಆ ಹುಡುಗಿಯ ಬುದ್ಧಿಯೇ ಕದಡಿಹೋಗುತ್ತದೆ. ಕನ್ನಡದಲ್ಲಿ ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ ‘ಶರಪಂಜರ’ದ (1971) ಕಾವೇರಿಯಾಗಿ ಕಲ್ಪನಾ ಕೊಟ್ಟ ಅಭಿನಯ ಎಷ್ಟು ಆಳವಾಗಿ ಇಳಿಯಿತೆಂದರೆ, 1979ರಲ್ಲಿ ಅವರು ತೀರಿಕೊಂಡಂದಿನಿಂದ ಅವರ ಬದುಕನ್ನು ಆ ಪಾತ್ರದ ದುರಂತದ ಮುಂದಿನ ಅಧ್ಯಾಯದಂತೆ ಹೇಳುವ ರೂಢಿ ಬೆಳೆದುಬಂದಿದೆ. ಒಬ್ಬ ಕಲಾವಿದೆಯ ದುಡಿಮೆ, ಶಿಸ್ತು, ಆಯ್ಕೆಗಳನ್ನೆಲ್ಲ ಅಳಿಸಿ ಪಾತ್ರವನ್ನಷ್ಟೇ ಉಳಿಸುವ ಈ ರೂಢಿ ಅನ್ಯಾಯದ್ದು, ಅದನ್ನು ಮುಂದುವರಿಸುವ ಬರವಣಿಗೆ ಎಷ್ಟೇ ಭಾವಪೂರ್ಣವಾಗಿದ್ದರೂ ತಿರಸ್ಕಾರಕ್ಕೆ ಯೋಗ್ಯ. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ನಿಧನರಾದಾಗ ಬೆಂಗಳೂರಿನಲ್ಲಿ ಹಿಂಸೆ ನಡೆದು ಜೀವಗಳು ಹೋದದ್ದೂ ಬೀಳ್ಕೊಡುವ ಕ್ರಮವನ್ನು ಕಲಿಯದ ಭಕ್ತಿಯ ಪರಿಣಾಮವೇ ಆಗಿದೆ. ಬದುಕಿದ್ದಾಗ ಆ ನಟ ತಮ್ಮ ಪ್ರೇಕ್ಷಕರನ್ನೇ ಅಭಿಮಾನಿ ದೇವರುಗಳೆಂದು ಕರೆದು, ತಮಗೆ ಬಂದ ನಮಸ್ಕಾರವನ್ನು ಬಂದ ಕಡೆಗೇ ಹಿಂದಿರುಗಿಸುತ್ತಿದ್ದರು. ಅದನ್ನು ವಿನಯದ ಮಾತೆಂದಷ್ಟೇ ಎಣಿಸಿದರೆ ಸಾಲದು. ತನ್ನ ಮೇಲೆ ಆವಾಹಿತವಾದದ್ದನ್ನು ತಾನೇ ವಿಸರ್ಜಿಸುವ ಪ್ರಯತ್ನ ಅದರಲ್ಲಿದೆ.

ಅದಕ್ಕಿಂತ ದೊಡ್ಡದಾದ ವಿಸರ್ಜನೆ ಅವರ ನಿಧನದ ದಿನವೇ ನಡೆಯಿತು. 1994ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ನೇತ್ರಬ್ಯಾಂಕ್ ಆರಂಭವಾಗಿತ್ತು. 2006ರಲ್ಲಿ ಅವರ ಕಣ್ಣುಗಳು ದಾನವಾಗಿ ಇಬ್ಬರಿಗೆ ದೃಷ್ಟಿ ಬಂದಿತು. 2021ರ ಅಕ್ಟೋಬರ್ 29ರಂದು ತೀರಿಕೊಂಡ ಮಗ ಪುನೀತ್ ಅವರ ಕಣ್ಣುಗಳ ಕಾರ್ನಿಯಾವನ್ನು, ಅಂದರೆ ಕಣ್ಣಿನ ಪಾರದರ್ಶಕ ಹೊರಪದರವನ್ನು, ವೈದ್ಯರು ಪದರಗಳಾಗಿ ಬಿಡಿಸಿ ನಾಲ್ವರಿಗೆ ಜೋಡಿಸಿದರು. ಅದರ ಬೆನ್ನಿಗೆ ಕರ್ನಾಟಕದಾದ್ಯಂತ ಸಾವಿರಾರು ಜನ ನೇತ್ರದಾನದ ವಾಗ್ದಾನ ಮಾಡಿದರು. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರದ ಕಣ್ಣಪ್ಪನಿಗೂ ಈ ದಾನಕ್ಕೂ ನಡುವೆ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸಬೇಕಾಗಿಲ್ಲ. ಕಣ್ಣಪ್ಪನು ಕಣ್ಣು ಕೊಟ್ಟದ್ದು ನೆತ್ತರು ಒಸರುತ್ತಿದ್ದ ಲಿಂಗಕ್ಕೆ. ಇವರ ಕಣ್ಣು ಸೇರಿದ್ದು ಕತ್ತಲಲ್ಲಿದ್ದ, ಹೆಸರು ಕೂಡ ಗೊತ್ತಿಲ್ಲದ ಮನುಷ್ಯರಿಗೆ. ದಿವ್ಯರೂಪದ ಪ್ರದರ್ಶನದಿಂದ ಜನರ ನಡತೆಯಲ್ಲಿ ಧರ್ಮ ಹೆಚ್ಚಬೇಕೆಂಬ ಅಶೋಕನ ಅಪೇಕ್ಷೆಯನ್ನು ಅಳತೆಗೋಲಾಗಿ ಇಟ್ಟುಕೊಂಡರೆ, ಆ ವಾಗ್ದಾನಪತ್ರಗಳಿಗೆ ಸಹಿ ಹಾಕಿದ ಅಭಿಮಾನಿಗಳ ಭಕ್ತಿ ಉತ್ತಮ ಭಕ್ತಿ, ಕಟೌಟಿಗೆ ಹಾಲೆರೆದವರ ಭಕ್ತಿ ಅದಕ್ಕಿಂತ ಕೆಳಗಿನದು ಎಂದು ತೀರ್ಮಾನಿಸಲು ಹಿಂಜರಿಯಬೇಕಾಗಿಲ್ಲ.

ಹಳೆಯ ಚಿತ್ರಗಳ ಬಗ್ಗೆ ಬರೆಯುವವನ ಕರ್ತವ್ಯವೂ ಇದರಿಂದಲೇ ಸ್ಪಷ್ಟವಾಗುತ್ತದೆ. ಚಿತ್ರ ತಾನಾಗಿ ಮಾಡಿಕೊಳ್ಳಲಾರದ ವಿಸರ್ಜನೆಯನ್ನು ಬರವಣಿಗೆ ಮಾಡಿಕೊಡಬೇಕು: ಪಾತ್ರವನ್ನು ಪುರಾಣಕ್ಕೆ, ಕಂಠವನ್ನು ಗಾಯಕನಿಗೆ, ಮಾತನ್ನು ಸಂಭಾಷಣೆಕಾರನಿಗೆ, ಬೆಳಕನ್ನು ಛಾಯಾಗ್ರಾಹಕನಿಗೆ, ಮುಖವನ್ನು ನಟನಿಗೆ, ಎದೆಯಲ್ಲೆದ್ದ ಭಾವವನ್ನು ಪ್ರೇಕ್ಷಕನಿಗೆ ಹಿಂದಿರುಗಿಸಬೇಕು. ಹೀಗೆ ಬಿಡಿಸಿ ಹೇಳಿದರೆ ಸವಿ ಕೆಡುತ್ತದೆಂಬ ಆತಂಕಕ್ಕೆ ಕಾರಣವಿಲ್ಲ. ಗಣಪತಿಯನ್ನು ನೀರಿಗೆ ಬಿಟ್ಟವರು ಮರುವರ್ಷ ಅಷ್ಟೇ ಉತ್ಸಾಹದಿಂದ ಹೊಸ ಗಣಪತಿಯನ್ನು ತರುತ್ತಾರೆ. ಆದರೆ ವಿಸರ್ಜನೆಗೂ ವಿನಾಶಕ್ಕೂ ಇರುವ ಭೇದವನ್ನು ಮರೆಯಬಾರದು. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ, ಅದನ್ನು ಯಾರೂ ಬೀಳ್ಕೊಡಲಿಲ್ಲ, ಅದು ಉಪೇಕ್ಷೆಯಿಂದ ಕಳೆದುಹೋಯಿತು. ಬೀಳ್ಕೊಡಬೇಕಾದರೂ ಮೊದಲು ಕ್ರಮವಾಗಿ ನೋಡಿರಬೇಕು, ಹೆಸರು ಹೇಳಿ ಪೂಜಿಸಿರಬೇಕು.

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಹಿರಿಯ ಮನೆಗಳ ಟ್ರಂಕುಗಳಲ್ಲಿ ಹಳೆಯ ಚಿತ್ರಗಳ ಹಾಡಿನ ಪುಸ್ತಕಗಳು, ಕರಪತ್ರಗಳು, ಪೋಸ್ಟರುಗಳು ಇದ್ದರೆ ಅವನ್ನು ರದ್ದಿಗೆ ಹಾಕದಿರಿ. ಟೂರಿಂಗ್ ಟಾಕೀಸಿನ ಟೆಂಟಿನಲ್ಲಿ ನೆಲದ ಮೇಲೆ ಕುಳಿತು ಚಿತ್ರ ನೋಡಿದವರು, ಪ್ರೊಜೆಕ್ಟರ್ ನಡೆಸಿದವರು ಊರಲ್ಲಿ ಇನ್ನೂ ಇದ್ದರೆ ಅವರನ್ನು ಕೇಳಿ, ಯಾವ ಚಿತ್ರ, ಯಾವ ಜಾತ್ರೆಯ ಹೊತ್ತು, ಯಾವ ಸನ್ನಿವೇಶಕ್ಕೆ ಜನ ಕೈಮುಗಿದರು ಎಂಬುದನ್ನು ದಿನಾಂಕ ಹಾಕಿ ಬರೆದಿಡಿ. ಬರೆದದ್ದರ ಒಂದು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೂ ಇನ್ನೊಂದನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೂ ತಲುಪಿಸಿ.